ಬಣ್ಣದ ಗೆರೆಗಳೂ ಮುಚ್ಚಿದ ಪುಸ್ತಕವೂ: ನರ್ಸಿಂಗ್ ಓದುವ ಮಕ್ಕಳಿಗೆ, ಓದಿಸುವ ಮನೆಯವರಿಗೆ

ದೀಪಾವಳಿ ಕಳೆದ ಮೂರನೆಯ ದಿನ ನಮ್ಮ ಓಣಿಯ ತಾಯಿಯೊಬ್ಬರು ಸಂಜೆಯ ಹೊತ್ತಿಗೆ ಮನೆಗೆ ಬಂದರು. ಕುಳಿತವರು ಬಹಳ ಹೊತ್ತು ಮಾತನಾಡಲಿಲ್ಲ. ಕೊಟ್ಟ ಚಹಾ ಆರಿಹೋಯಿತು. ಕೊನೆಗೆ, "ಅಕ್ಕಾರ, ನಮ್ಮ ಹುಡುಗಿ ನರ್ಸಿಂಗ್ ಬಿಟ್ಟು ಮನೀಗೆ ಬಂದ್ ಬಿಡ್ತೀನಿ ಅಂತ ದಿನಾ ಫೋನಿನ್ಯಾಗ ಅಳಾಕತ್ತಾಳ್ರಿ. ಮೊದಲನೇ ಪರೀಕ್ಷೆದಾಗ ಒಂದು ಪೇಪರ್ ಹೋತು. ಅವರಪ್ಪ, ಓದಿದ್ದು ಸಾಕು, ವರ ನೋಡೂಣು ಅಂತಾರ. ನೀವಾರ ಒಂದು ಮಾತು ಹೇಳ್ರಿ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು.

ನಾನು ಸುಮಾರು ಮೂವತ್ತು ವರ್ಷ ನರ್ಸಿಂಗ್ ವಿದ್ಯಾರ್ಥಿಗಳಿಗೆ ಪಾಠ ಹೇಳಿ ನಿವೃತ್ತಳಾದವಳು. ಇಂತಹ ಕಣ್ಣೀರನ್ನು ಬಹಳ ಸಲ ಕಂಡಿದ್ದೇನೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಪಿ.ಯು.ಸಿ.ಯಲ್ಲಿ ಕಷ್ಟಪಟ್ಟು ವಿಜ್ಞಾನ ಮುಗಿಸಿ, ಮನೆಯವರು ಸಾಲ ಮಾಡಿ ಕಟ್ಟಿದ ಶುಲ್ಕದ ಭಾರವನ್ನು ಎದೆಯ ಮೇಲೆ ಹೊತ್ತು ವಸತಿನಿಲಯಕ್ಕೆ ಬರುವ ಹುಡುಗಿಗೆ, ಮೊದಲ ಪರೀಕ್ಷೆಯಲ್ಲಿಯೇ ಅನುತ್ತೀರ್ಣಳಾದಾಗ ಲೋಕವೇ ಕವಿಚಿಬಿದ್ದಂತೆ ಆಗುವುದು ಸಹಜ. ಆದರೆ ಅಂತಹವರಲ್ಲಿ ಬಹುಪಾಲು ಮಕ್ಕಳು ದಡ್ಡರೂ ಅಲ್ಲ, ಸೋಮಾರಿಗಳೂ ಅಲ್ಲ. ಅವರಿಗೆ ಓದುವ ಕ್ರಮವನ್ನು ಯಾರೂ ಕಲಿಸಿರುವುದಿಲ್ಲ, ಅಷ್ಟೆ. ರಜೆಗೆ ಮಗಳು ಬಂದಾಗ ಕರೆದುಕೊಂಡು ಬರಬೇಕೆಂದು ಆ ತಾಯಿಗೆ ಹೇಳಿ ಕಳಿಸಿದೆ. ಆ ಹುಡುಗಿಯೊಂದಿಗೆ ಕಳೆದ ಮೂರು ಸಂಜೆಗಳಲ್ಲಿ ಆಡಿದ ಮಾತುಗಳನ್ನೇ ಈ ತಿಂಗಳು ಓದುಗರ ಮುಂದಿಡುತ್ತಿದ್ದೇನೆ. ಇಂದು ನಮ್ಮ ಅನೇಕ ಮನೆಗಳ ಹೆಣ್ಣುಮಕ್ಕಳೂ ಗಂಡುಮಕ್ಕಳೂ ಈ ವಿದ್ಯೆಯನ್ನು ಕಲಿಯುತ್ತಿರುವುದರಿಂದ ಇದು ಒಬ್ಬಳ ಕಥೆಯಾಗಿ ಉಳಿಯಬೇಕಾಗಿಲ್ಲ.

ನಾಲ್ಕು ಬಣ್ಣದ ಪುಸ್ತಕ

ಹುಡುಗಿ ತನ್ನ ಅಂಗರಚನಾಶಾಸ್ತ್ರದ ಪುಸ್ತಕವನ್ನು ತಂದಿದ್ದಳು. ತೆರೆದು ನೋಡಿದರೆ ಪುಟಪುಟವೂ ಹಳದಿ, ಗುಲಾಬಿ, ಹಸಿರು, ನೀಲಿ ಗೆರೆಗಳಿಂದ ತುಂಬಿಹೋಗಿತ್ತು. ಗೆರೆ ಎಳೆಯದೆ ಉಳಿದ ಸಾಲುಗಳೇ ವಿರಳ. "ಎಷ್ಟು ಸಲ ಓದಿದ್ದೀ ತಂಗೀ?" ಎಂದು ಕೇಳಿದೆ. "ಐದು ಸಲ ಓದೇನ್ರಿ, ರಾತ್ರಿ ಎರಡರವರೆಗೂ ಕೂತು" ಎಂದಳು. ನಾನು ಪುಸ್ತಕವನ್ನು ಮುಚ್ಚಿ ಒಂದು ಬಿಳಿ ಹಾಳೆಯನ್ನು ಕೊಟ್ಟೆ. ದೇಹದಿಂದ ಮರಳಿದ ರಕ್ತವು ಹೃದಯವನ್ನು ಯಾವ ದಾರಿಯಿಂದ ಪ್ರವೇಶಿಸಿ ಯಾವ ದಾರಿಯಿಂದ ಹೊರಬೀಳುತ್ತದೆಂಬುದನ್ನು ಬರೆಯಲು ಹೇಳಿದೆ.

ಬಲ ಹೃತ್ಕರ್ಣದವರೆಗೆ ಬಂದಳು. ಅಲ್ಲಿಂದ ಮುಂದೆ ಲೇಖನಿ ನಿಂತಿತು. ಪುಸ್ತಕವನ್ನು ತೆರೆದು ತೋರಿಸಿದೊಡನೆ, "ಅಯ್ಯೋ, ಇದು ನನಗ ಗೊತ್ತಿತ್ತಲ್ರಿ!" ಎಂದಳು.

ಇಲ್ಲಿಯೇ ಇದೆ ಗುಟ್ಟು. ಕಂಡಾಗ ಗುರುತು ಹಿಡಿಯುವುದು ಬೇರೆ, ಕಾಣದಿದ್ದಾಗ ನೆನಪಿನಿಂದ ಹೊರತೆಗೆಯುವುದು ಬೇರೆ. ಸಂತೆಯಲ್ಲಿ ಎದುರಾದ ಮುಖವನ್ನು ಕಂಡು 'ಇವರನ್ನು ಎಲ್ಲೋ ನೋಡಿದ್ದೇನೆ' ಎನ್ನುತ್ತೇವೆ. ಹೆಸರು ಮಾತ್ರ ಬಾಯಿಗೆ ಬರುವುದಿಲ್ಲ. ಐದು ಸಲ ಓದಿದ ಪುಟವು ಪರಿಚಿತ ಮುಖವಾಗುತ್ತದೆ. ಪರೀಕ್ಷೆಯಾದರೋ ಹೆಸರನ್ನು ಕೇಳುತ್ತದೆ. ಆಸ್ಪತ್ರೆಯ ವಾರ್ಡು ಅದಕ್ಕಿಂತಲೂ ಕಠಿಣವಾಗಿ ಕೇಳುತ್ತದೆ.

ಮರೆವಿನ ಸ್ವಭಾವವನ್ನು ಶಾಸ್ತ್ರೀಯವಾಗಿ ಮೊದಲು ಅಳೆದವರಲ್ಲಿ ಜರ್ಮನಿಯ ಎಬ್ಬಿಂಗ್‌ಹೌಸ್ ಪ್ರಮುಖರು. ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಬಾಯಿಪಾಠ ಮಾಡಿ, ತಮ್ಮ ಮೇಲೆಯೇ ಪ್ರಯೋಗ ನಡೆಸಿ, 1885ರಲ್ಲಿ ಅವರು ಪ್ರಕಟಿಸಿದ ಗ್ರಂಥದಿಂದ ಒಂದು ಸಂಗತಿ ಸ್ಪಷ್ಟವಾಯಿತು. ಕಲಿತದ್ದರ ಬಹುಭಾಗವು ಮೊದಲ ಕೆಲವು ಗಂಟೆಗಳಲ್ಲಿ, ಮೊದಲ ದಿನದಲ್ಲಿಯೇ ಜಾರಿಹೋಗುತ್ತದೆ. ಆಮೇಲೆ ಮರೆವಿನ ವೇಗ ತಗ್ಗುತ್ತದೆ. ಇನ್ನು 2006ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಇಬ್ಬರು ವಿದ್ವಾಂಸರು ಪ್ರಕಟಿಸಿದ ಪ್ರಯೋಗವು ವಿದ್ಯಾರ್ಥಿಗಳೆಲ್ಲರೂ ತಿಳಿಯತಕ್ಕದ್ದು. ವಿದ್ಯಾರ್ಥಿಗಳು ಗದ್ಯಭಾಗಗಳನ್ನು ಓದಿದ ಬಳಿಕ, ಕೆಲವನ್ನು ಮತ್ತೊಮ್ಮೆ ಓದಿದರು. ಬೇರೆ ಕೆಲವನ್ನು ಮರಳಿ ಓದದೆ ನೆನಪಿದ್ದಷ್ಟನ್ನು ಹಾಳೆಯ ಮೇಲೆ ಬರೆದರು. ಐದು ನಿಮಿಷದ ಅನಂತರ ಪರೀಕ್ಷಿಸಿದಾಗ ಎರಡು ಸಲ ಓದಿದ್ದೇ ಮೇಲಾಗಿತ್ತು: ಶೇಕಡಾ 81ಕ್ಕೆ 75. ಆದರೆ ಒಂದು ವಾರದ ಅನಂತರ ತಕ್ಕಡಿ ತಿರುಗಿತು. ಮರಳಿ ಓದಿದ್ದರಲ್ಲಿ ಶೇಕಡಾ 42ರಷ್ಟು ಮಾತ್ರ ಉಳಿದಿತ್ತು. ನೆನಪಿನಿಂದ ಬರೆದದ್ದರಲ್ಲಿ 56ರಷ್ಟು ಉಳಿದಿತ್ತು. ರಾತ್ರಿಯೆಲ್ಲ ಓದಿ ಬೆಳಿಗ್ಗೆ ಬರೆಯುವವರಿಗೆ ಮರುಓದು ಕೈಹಿಡಿದಂತೆ ತೋರುವುದೂ, ಮುಂದೆ ವರ್ಷವಿಡೀ ಅದೇ ಕೈಕೊಡುವುದೂ ಏಕೆಂಬುದು ಈ ಅಂಕಿಗಳಿಂದಲೇ ತಿಳಿಯುತ್ತದೆ.

ಮುಚ್ಚಿ ಬರೆ, ತೆರೆದು ತಿದ್ದು

ಆದುದರಿಂದ ಆ ಹುಡುಗಿಗೆ ನಾನು ಹೇಳಿದ ಮೊದಲ ಕ್ರಮ ಇದು. ಒಂದು ಪ್ರಕರಣವನ್ನು ಒಮ್ಮೆ ಗಮನವಿಟ್ಟು ಓದು. ಗೆರೆ ಎಳೆಯಬೇಡ. ಪುಸ್ತಕವನ್ನು ಮುಚ್ಚು. ಬಿಳಿ ಹಾಳೆಯ ಮೇಲೆ ನೆನಪಿದ್ದುದನ್ನು ಬರೆ. ಚಿತ್ರವಿದ್ದರೆ ಚಿತ್ರವನ್ನು ಬಿಡಿಸು. ಅನಂತರ ಪುಸ್ತಕವನ್ನು ತೆರೆದು, ಬಿಟ್ಟುಹೋದುದನ್ನೂ ತಪ್ಪಿದ್ದನ್ನೂ ಕೆಂಪು ಶಾಯಿಯಲ್ಲಿ ಸೇರಿಸು. ಆ ಕೆಂಪು ಅಕ್ಷರಗಳೇ ನೀನು ನಿಜವಾಗಿ ಓದಬೇಕಾದ ಪಾಠ. ಮೊದಲ ದಿನ ಹಾಳೆಯೆಲ್ಲ ಕೆಂಪಾದೀತು. ಅದನ್ನು ಕಂಡು ಎದೆಗುಂದಬಾರದು. ಓದುವಾಗ ಕಷ್ಟವೆನಿಸಿದ್ದೇ ಮನಸ್ಸಿನಲ್ಲಿ ಬೇರುಬಿಡುತ್ತದೆ.

ಎರಡನೆಯದು, ಅಂತರವಿಟ್ಟು ಮರಳುವುದು. ಇಂದು ತರಗತಿಯಲ್ಲಿ ಕೇಳಿದ್ದನ್ನು ಇಂದು ರಾತ್ರಿ ಹದಿನೈದು ನಿಮಿಷ ಮುಚ್ಚಿ ಬರೆಯಬೇಕು. ಮೂರನೆಯ ದಿನ ಮತ್ತೊಮ್ಮೆ, ವಾರದ ಬಳಿಕ ಇನ್ನೊಮ್ಮೆ, ತಿಂಗಳಿಗೆ ಮಗುದೊಮ್ಮೆ. ಪ್ರತಿ ಸಲವೂ ತಗಲುವ ಹೊತ್ತು ಕಡಿಮೆಯಾಗುತ್ತ ಹೋಗುತ್ತದೆ. ದಿನಚರಿ ಪುಸ್ತಕವೊಂದರಲ್ಲಿ ಯಾವ ಪಾಠಕ್ಕೆ ಯಾವ ದಿನ ಮರಳಬೇಕೆಂಬುದನ್ನು ಮುಂದಾಗಿಯೇ ಗುರುತು ಹಾಕಿಕೊಂಡರೆ ಸಾಕು. ಗಿಡಕ್ಕೆ ತಿಂಗಳಿಗೊಮ್ಮೆ ಹತ್ತು ಕೊಡ ನೀರು ಸುರಿದರೆ ಹರಿದುಹೋಗುತ್ತದೆ. ಆಗಾಗ ಒಂದೊಂದು ತಂಬಿಗೆ ಹಾಕಿದರೆ ಬೇರಿಗೆ ಇಳಿಯುತ್ತದೆ. ಓದಿಗೂ ಅದೇ ನ್ಯಾಯ. ವಿವಿಧ ಅಧ್ಯಯನ ಕ್ರಮಗಳನ್ನು ತೂಗಿನೋಡಿ 2013ರಲ್ಲಿ ಡನ್ಲಾಸ್ಕಿ ಮತ್ತು ಸಂಗಡಿಗರು ಪ್ರಕಟಿಸಿದ ವಿಮರ್ಶೆಯಲ್ಲಿಯೂ, ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದು ಮತ್ತು ಅಂತರವಿಟ್ಟು ಅಭ್ಯಾಸ ಮಾಡುವುದು ಇವೆರಡಕ್ಕೇ ಹೆಚ್ಚಿನ ಬೆಲೆ ಕೊಡಲಾಗಿದೆ. ಗೆರೆ ಎಳೆಯುವುದಕ್ಕೂ ಬರಿದೆ ಮರಳಿ ಓದುವುದಕ್ಕೂ ಕೆಳಗಿನ ಸ್ಥಾನವೇ ದೊರೆತಿದೆ.

ಭಾಷೆಯ ಹೊಳೆಯನ್ನು ದಾಟುವುದು

"ಅಕ್ಕಾರ, ಅರ್ಧ ಕಷ್ಟ ಇಂಗ್ಲಿಷಿನದೇ ಐತ್ರಿ" ಎಂದು ಹುಡುಗಿ ತಲೆತಗ್ಗಿಸಿ ಹೇಳಿದಳು. ಇದರಲ್ಲಿ ನಾಚಿಕೆಪಡಬೇಕಾದದ್ದು ಏನೂ ಇಲ್ಲ. ವೈದ್ಯಕೀಯ ಪದಗಳು ಇಂಗ್ಲಿಷ್ ಬಲ್ಲವರಿಗೂ ಹೊಸವೇ. ಅವುಗಳಲ್ಲಿ ಹೆಚ್ಚಿನವು ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳ ತುಂಡುಗಳಿಂದ ಕಟ್ಟಿದ ಪದಗಳು. ನಮ್ಮ ಸಂಧಿ ಸಮಾಸಗಳನ್ನು ಬಿಡಿಸಿ ಓದಿದ ಮಕ್ಕಳಿಗೆ ಈ ಕೆಲಸವು ಹೊಸದಲ್ಲ. 'ಐಟಿಸ್' ಎಂದು ಮುಗಿದರೆ ಉರಿಯೂತ. 'ಎಕ್ಟಮಿ' ಎಂದರೆ ಕತ್ತರಿಸಿ ತೆಗೆಯುವುದು. 'ಆಸ್ಟಮಿ' ಎಂದರೆ ಹೊರಗೆ ದಾರಿ ಮಾಡುವುದು. 'ಹೆಪಾಟ್' ಎಂದರೆ ಯಕೃತ್ತು, 'ನೆಫ್ರ' ಎಂದರೆ ಮೂತ್ರಪಿಂಡ, 'ಕಾರ್ಡಿ' ಎಂದರೆ ಹೃದಯ. 'ಟ್ಯಾಕಿ' ಎಂದರೆ ವೇಗ, 'ಬ್ರಾಡಿ' ಎಂದರೆ ನಿಧಾನ. ಇಷ್ಟನ್ನು ಬಲ್ಲವಳಿಗೆ ಹೆಪಟೈಟಿಸ್, ನೆಫ್ರೆಕ್ಟಮಿ, ಟ್ಯಾಕಿಕಾರ್ಡಿಯಾ, ಬ್ರಾಡಿಕಾರ್ಡಿಯಾ ಎಂಬ ಪದಗಳು ತಾವಾಗಿಯೇ ಬಾಯಿಬಿಡುತ್ತವೆ. ಇಂತಹ ಐದು ತುಂಡುಗಳನ್ನು ದಿನಕ್ಕೆ ಬರೆದಿಟ್ಟುಕೊಂಡರೆ, ಮೂರು ತಿಂಗಳಲ್ಲಿ ಪಠ್ಯಪುಸ್ತಕದ ಮುಖವೇ ಬದಲಾಗುತ್ತದೆ.

ಇನ್ನೊಂದು ಮಾತು. ವಿಷಯವನ್ನು ಮೊದಲು ಕನ್ನಡದಲ್ಲಿ ಅರ್ಥ ಮಾಡಿಕೊಳ್ಳುವುದರಲ್ಲಿ ದೋಷವಿಲ್ಲ. ಮನೆಯ ಅಜ್ಜಿಗೆ ತಿಳಿಯುವಂತೆ ಸಕ್ಕರೆ ಕಾಯಿಲೆಯನ್ನು ಕನ್ನಡದಲ್ಲಿ ವಿವರಿಸಬಲ್ಲವಳು ಅದನ್ನು ನಿಜವಾಗಿ ಅರಿತವಳು. ಅರಿತ ಮೇಲೆ ಉತ್ತರವನ್ನು ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳಲ್ಲಿ ಬರೆದು ಅಭ್ಯಾಸ ಮಾಡಬೇಕು. ಅರ್ಥವಾಗದ ಉದ್ದನೆಯ ವಾಕ್ಯವನ್ನು ಗಿಳಿಪಾಠ ಮಾಡಿ ನಡುವೆ ಮುಗ್ಗರಿಸುವುದಕ್ಕಿಂತ ಇದು ಎಷ್ಟೋ ಮೇಲು. ಮುಂದೆ ಹಳ್ಳಿಯ ರೋಗಿಯ ಹಾಸಿಗೆಯ ಬಳಿ ನಿಂತಾಗ ಆ ಕನ್ನಡವೇ ಕೆಲಸಕ್ಕೆ ಬರುತ್ತದೆ.

ನಾನು ತಪ್ಪಿದ ಒಂದು ರಾತ್ರಿ

ಎರಡನೆಯ ಸಂಜೆ ಹುಡುಗಿ, "ಇಷ್ಟೆಲ್ಲಾ ಯಾಕ್ರಿ, ಪಾಸಾಗುವಷ್ಟು ಬಾಯಿಪಾಠ ಮಾಡಿದರ ಸಾಲದೇನ್ರಿ?" ಎಂದು ಕೇಳಿದಳು. ಆಗ ನಾನು ಸಾಮಾನ್ಯವಾಗಿ ಯಾರಿಗೂ ಹೇಳದ ಸಂಗತಿಯೊಂದನ್ನು ಅವಳಿಗೆ ಹೇಳಿದೆ.

ವಿದ್ಯಾರ್ಥಿನಿಯಾಗಿದ್ದಾಗ ನಾನು ಬಾಯಿಪಾಠದಲ್ಲಿ ಮುಂದು. ಆಘಾತ ಸ್ಥಿತಿ, ಅಂದರೆ 'ಶಾಕ್', ಇದರ ಲಕ್ಷಣಗಳನ್ನು ಪುಸ್ತಕದ ಅನುಕ್ರಮದಲ್ಲಿಯೇ ಒಂದೂ ಬಿಡದೆ ಬರೆದು ತರಗತಿಗೆ ಮೊದಲಿಗಳಾಗಿದ್ದೆ. ಕೆಲವೇ ವಾರಗಳ ಬಳಿಕ ರಾತ್ರಿ ಪಾಳಿಯಲ್ಲಿ, ಅಂದು ಶಸ್ತ್ರಚಿಕಿತ್ಸೆಯಾಗಿದ್ದ ರೋಗಿಯೊಬ್ಬರು ಹಾಸಿಗೆಯಲ್ಲಿ ಹೊರಳಾಡತೊಡಗಿದರು. ನೋವಿನಿಂದಿರಬಹುದೆಂದು ಭಾವಿಸಿ, "ಸುಮ್ಮನೆ ಮಲಗಿಕೊಳ್ಳಿ, ಹೊಲಿಗೆ ಬಿಟ್ಟೀತು" ಎಂದು ಗದರಿಸಿ ಮುಂದೆ ಹೋದೆ. ಹತ್ತು ನಿಮಿಷದ ಮೇಲೆ ಸುತ್ತು ಬಂದ ಹಿರಿಯ ಸಿಸ್ಟರ್ ಅವರ ಕೈಯನ್ನು ಮುಟ್ಟಿದರು. ಕೈ ತಣ್ಣಗೆ ಬೆವೆತಿತ್ತು. ನಾಡಿ ಕ್ಷೀಣವಾಗಿ, ಓಡುತ್ತಿತ್ತು. ತಕ್ಷಣ ವೈದ್ಯರನ್ನು ಕರೆಸಿದರು. ಒಳಗೆ ರಕ್ತಸ್ರಾವವಾಗುತ್ತಿತ್ತು. ರೋಗಿ ಬದುಕಿಕೊಂಡರು. ಸಿಸ್ಟರ್ ನನ್ನನ್ನು ಬೈಯಲಿಲ್ಲ. "ಚಡಪಡಿಕೆ ಎಂಬ ಪದವನ್ನು ನೀನು ಪರೀಕ್ಷೆಯಲ್ಲಿ ಬರೆದಿರಲಿಲ್ಲವೇ?" ಎಂದಷ್ಟೇ ಕೇಳಿದರು. ಬರೆದಿದ್ದೆ. ಆದರೆ ಅದು ನನಗೆ ಪಟ್ಟಿಯಲ್ಲಿದ್ದ ಒಂದು ಪದವಾಗಿತ್ತೇ ಹೊರತು, ಹಾಸಿಗೆಯ ಮೇಲೆ ಹೊರಳಾಡುವ ಮನುಷ್ಯನಾಗಿರಲಿಲ್ಲ.

ರಕ್ತ ಕಡಿಮೆಯಾದಾಗ ದೇಹವು ಮೊದಲು ತನ್ನನ್ನು ತಾನು ಕಾಪಾಡಿಕೊಳ್ಳಲು ಹೆಣಗುತ್ತದೆ. ಹೃದಯ ವೇಗವಾಗಿ ಬಡಿಯುತ್ತದೆ. ಚರ್ಮದ ರಕ್ತನಾಳಗಳು ಸಂಕುಚಿಸಿ, ಇದ್ದ ರಕ್ತವು ಮುಖ್ಯ ಅಂಗಗಳ ಕಡೆಗೆ ಹರಿಯುತ್ತದೆ. ಆದುದರಿಂದಲೇ ಕೈ ತಣ್ಣಗಾಗುತ್ತದೆ. ಮಿದುಳಿಗೆ ಆಮ್ಲಜನಕ ಸಾಲದೆ ಚಡಪಡಿಕೆ ತೊಡಗುತ್ತದೆ. ಮೂತ್ರಪಿಂಡಕ್ಕೆ ರಕ್ತ ಸಾಲದೆ ಮೂತ್ರ ಕಡಿಮೆಯಾಗುತ್ತದೆ. ರಕ್ತದೊತ್ತಡ ಕುಸಿಯುವುದು ಸಾಮಾನ್ಯವಾಗಿ ಇವುಗಳ ಅನಂತರ. ಹೀಗೆ 'ಏಕೆ' ಎಂಬುದನ್ನು ಅರಿತವಳಿಗೆ ಪಟ್ಟಿಯನ್ನು ಬಾಯಿಪಾಠ ಮಾಡುವ ಅವಶ್ಯಕತೆಯೇ ಇಲ್ಲ. ಒಂದರಿಂದ ಮತ್ತೊಂದು ತಾನಾಗಿ ಬರುತ್ತದೆ. ಒತ್ತಡ ಕುಸಿಯುವವರೆಗೆ ಕಾಯಬಾರದೆಂಬ ಎಚ್ಚರವೂ ಅದರೊಡನೆಯೇ ಬರುತ್ತದೆ. ಪ್ರತಿಯೊಂದು ಲಕ್ಷಣದ ಮುಂದೆ 'ಏಕೆಂದರೆ' ಎಂದು ಬರೆದು ವಾಕ್ಯವನ್ನು ಮುಗಿಸುವ ಅಭ್ಯಾಸ ಮಾಡಬೇಕೆಂದು ಹುಡುಗಿಗೆ ಹೇಳಿದೆ.

ಫ್ಲಾರೆನ್ಸ್ ನೈಟಿಂಗೇಲ್ ಅವರು 1859ರಲ್ಲಿ ಪ್ರಕಟಿಸಿದ ಶುಶ್ರೂಷೆಯ ಪುಸ್ತಕದಲ್ಲಿ ರೋಗಿಯನ್ನು ಗಮನಿಸುವುದಕ್ಕೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟರು. ಮರುವರ್ಷ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವರ ಹೆಸರಿನ ತರಬೇತಿ ಶಾಲೆ ಆರಂಭವಾಯಿತು. ವಾರ್ಡನ್ನು ಪುಸ್ತಕದಿಂದ ಬೇರೆ ಮಾಡಬಾರದೆಂಬುದೇ ಆ ವಿದ್ಯೆಯ ತಳಹದಿ. ಆದುದರಿಂದ ವಾರ್ಡಿನ ಕೆಲಸ ಮುಗಿಸಿ ಬಂದ ದಿನ ಒಬ್ಬ ರೋಗಿಯ ಕುರಿತು ಒಂದು ಪುಟ ಬರೆಯಬೇಕು. ಹೆಸರು, ಊರು ಬೇಡ. ರೋಗಿಯ ಗುಟ್ಟನ್ನು ಕಾಯುವುದು ನಮ್ಮ ಧರ್ಮ. ಏನು ಕಾಯಿಲೆ, ಯಾವ ಲಕ್ಷಣ, ಯಾವ ಔಷಧ, ಅದು ಏಕೆ, ನಾನು ಏನನ್ನು ಗಮನಿಸಬೇಕಿತ್ತು ಎಂಬಷ್ಟು ಸಾಕು. ಗಮನಿಸುವುದು, ಸಮಸ್ಯೆಯನ್ನು ಗುರುತಿಸುವುದು, ಯೋಜಿಸುವುದು, ಕಾರ್ಯಗತಗೊಳಿಸುವುದು, ಫಲವನ್ನು ಪರಿಶೀಲಿಸುವುದು ಎಂಬ ಶುಶ್ರೂಷಾ ಪ್ರಕ್ರಿಯೆಯ ಐದು ಹೆಜ್ಜೆಗಳು ಆ ಒಂದು ಪುಟದಲ್ಲಿಯೇ ರೂಢಿಯಾಗುತ್ತವೆ.

ಲೆಕ್ಕದಲ್ಲಿ ಅಲಕ್ಷ್ಯ ಸಲ್ಲದು

ಔಷಧದ ಲೆಕ್ಕವೆಂದರೆ ಅನೇಕ ಮಕ್ಕಳಿಗೆ ಹೆದರಿಕೆ. ಪರೀಕ್ಷೆಯಲ್ಲಿ ಒಂದೆರಡು ಅಂಕ ಹೋದರೆ ಹೋಗಲೆಂದು ಬಿಟ್ಟುಬಿಡುತ್ತಾರೆ. ಒಂದು ಉದಾಹರಣೆಯನ್ನು ನೋಡಿರಿ. ಹತ್ತು ಕಿಲೋ ತೂಕದ ಕೂಸಿಗೆ ಜ್ವರ; ವೈದ್ಯರು 150 ಮಿಲಿಗ್ರಾಂ ಪ್ಯಾರಾಸಿಟಮಾಲ್ ಬರೆದಿದ್ದಾರೆ. ಕಪಾಟಿನಲ್ಲಿರುವ ಬಾಟಲಿಯ ಮೇಲೆ 5 ಮಿಲಿಲೀಟರಿಗೆ 125 ಮಿಲಿಗ್ರಾಂ ಎಂದಿದ್ದರೆ ಕೊಡಬೇಕಾದದ್ದು 6 ಮಿಲಿಲೀಟರ್. ಮರುದಿನ ಬಂದ ಬಾಟಲಿಯ ಮೇಲೆ 5 ಮಿಲಿಲೀಟರಿಗೆ 250 ಮಿಲಿಗ್ರಾಂ ಎಂದಿದ್ದರೆ ಕೊಡಬೇಕಾದದ್ದು 3 ಮಿಲಿಲೀಟರ್ ಮಾತ್ರ. ಚೀಟಿಯನ್ನು ಓದದೆ ನಿನ್ನೆಯ ರೂಢಿಯಂತೆ ಆರು ಕೊಟ್ಟರೆ ಕೂಸಿನ ಹೊಟ್ಟೆಗೆ ಹೋಗುವುದು ಎರಡರಷ್ಟು ಔಷಧ. ಬೇಕಾದ ಪ್ರಮಾಣವನ್ನು ಇರುವ ಪ್ರಮಾಣದಿಂದ ಭಾಗಿಸಿ, ಅದು ಎಷ್ಟು ಮಿಲಿಲೀಟರಿನಲ್ಲಿ ಇದೆಯೋ ಅದರಿಂದ ಗುಣಿಸುವುದು, ಸೂತ್ರ ಇಷ್ಟೇ.

ಡ್ರಿಪ್ಪಿನ ಲೆಕ್ಕವೂ ಹಾಗೆಯೇ. 500 ಮಿಲಿಲೀಟರ್ ದ್ರವವು 5 ಗಂಟೆಯಲ್ಲಿ ಹೋಗಬೇಕು. ಸೆಟ್ಟಿನ ಪೊಟ್ಟಣದ ಮೇಲೆ ಮಿಲಿಲೀಟರಿಗೆ 20 ಹನಿ ಎಂದಿದೆ. 500ನ್ನು 20ರಿಂದ ಗುಣಿಸಿದರೆ 10,000 ಹನಿ. 300 ನಿಮಿಷದಿಂದ ಭಾಗಿಸಿದರೆ ನಿಮಿಷಕ್ಕೆ ಸುಮಾರು 33 ಹನಿ. ಮಿಲಿಲೀಟರಿಗೆ 60 ಹನಿಯ ಸಣ್ಣ ಸೆಟ್ಟಿನಲ್ಲಿ ಗಂಟೆಗೆ ಎಷ್ಟು ಮಿಲಿಲೀಟರೋ ನಿಮಿಷಕ್ಕೆ ಅಷ್ಟೇ ಹನಿ. ಇಂತಹ ಎರಡು ಲೆಕ್ಕಗಳನ್ನು ಪ್ರತಿದಿನ ಊಟಕ್ಕೆ ಮುನ್ನ ಮಾಡಿದರೆ ಸಾಕು, ಹನಿ ಹನಿಗೂಡಿ ಹಳ್ಳವಾಗುತ್ತದೆ. ಉತ್ತರ ಬಂದ ಮೇಲೆ, 'ಇಷ್ಟನ್ನು ಒಂದು ಕೂಸಿಗೆ ಕೊಡಬಹುದೇ?' ಎಂದು ತನ್ನನ್ನು ತಾನು ಕೇಳಿಕೊಳ್ಳುವುದನ್ನು ಮಾತ್ರ ಎಂದಿಗೂ ಮರೆಯಬಾರದು.

ಪರೀಕ್ಷೆಯ ನಿಯಮ, ಉತ್ತರದ ರೀತಿ

ನಮ್ಮ ರಾಜ್ಯದಲ್ಲಿ ಬಿ.ಎಸ್‌ಸಿ. ನರ್ಸಿಂಗ್ ಪರೀಕ್ಷೆಗಳನ್ನು 1996ರಲ್ಲಿ ಸ್ಥಾಪಿತವಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವೂ, ಮೂರು ವರ್ಷದ ಜಿ.ಎನ್.ಎಂ. ಪರೀಕ್ಷೆಗಳನ್ನು ರಾಜ್ಯದ ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿಯೂ ನಡೆಸುತ್ತವೆ. ಭಾರತೀಯ ನರ್ಸಿಂಗ್ ಪರಿಷತ್ತು 2021ರಲ್ಲಿ ಪ್ರಕಟಿಸಿದ ಪರಿಷ್ಕೃತ ನಿಯಮಗಳ ಮೇರೆಗೆ ಬಿ.ಎಸ್‌ಸಿ. ಶಿಕ್ಷಣವು ನಾಲ್ಕು ವರ್ಷ, ಎಂಟು ಸೆಮಿಸ್ಟರುಗಳದ್ದು. ಮುಖ್ಯ ಪತ್ರಿಕೆಗಳಲ್ಲಿ ಒಟ್ಟು 100 ಅಂಕಗಳ ಪೈಕಿ 25 ಕಾಲೇಜಿನ ಆಂತರಿಕ ಮೌಲ್ಯಮಾಪನಕ್ಕೆ, 75 ಅಂತಿಮ ಪರೀಕ್ಷೆಗೆ. ಮುಖ್ಯ ವಿಷಯಗಳಲ್ಲಿ ಲಿಖಿತ ಮತ್ತು ಪ್ರಾಯೋಗಿಕ ಎರಡರಲ್ಲಿಯೂ ಪ್ರತ್ಯೇಕವಾಗಿ ಶೇಕಡಾ 50 ಪಡೆಯಬೇಕು. ಪರೀಕ್ಷೆಗೆ ಕೂರಲು ಶೇಕಡಾ 80 ಹಾಜರಿ ಬೇಕು. ಇದನ್ನು ಮನೆಯವರೂ ತಿಳಿದಿರಬೇಕು. ಊರಿನ ಜಾತ್ರೆ, ಬಂಧುಗಳ ಮದುವೆ, ಮನೆಯ ಪ್ರವೇಶ ಎಂದು ಪ್ರತಿ ಸಲವೂ ಮಗಳನ್ನು ಕರೆಸಿಕೊಂಡರೆ ಹಾಜರಿಯೂ ಆಂತರಿಕ ಅಂಕಗಳೂ ಕೈಜಾರುತ್ತವೆ.

ಮೂರು ಗಂಟೆಯ ಪರೀಕ್ಷೆಯೆಂದರೆ 180 ನಿಮಿಷ. ಪ್ರಶ್ನೆಪತ್ರಿಕೆಯನ್ನು ಓದಲು ಮತ್ತು ಕೊನೆಗೆ ತಿದ್ದಲು 15 ನಿಮಿಷ ತೆಗೆದಿಟ್ಟರೆ, ಉಳಿದ 165 ನಿಮಿಷ 75 ಅಂಕಗಳಿಗೆ. ಅಂದರೆ ಹತ್ತು ಅಂಕದ ಪ್ರಶ್ನೆಗೆ 22 ನಿಮಿಷ, ಐದು ಅಂಕದ್ದಕ್ಕೆ 11, ಎರಡು ಅಂಕದ್ದಕ್ಕೆ ನಾಲ್ಕರ ಮೇಲೆ ಸ್ವಲ್ಪ. ಗೊತ್ತಿರುವ ಒಂದು ಪ್ರಶ್ನೆಗೇ ಮುಕ್ಕಾಲು ಗಂಟೆ ಬರೆದು, ಕೊನೆಯ ಎರಡು ಪ್ರಶ್ನೆಗಳನ್ನು ಮುಟ್ಟದೆ ಎದ್ದುಬಂದವರನ್ನು ನಾನು ಪ್ರತಿ ವರ್ಷವೂ ಕಂಡಿದ್ದೇನೆ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರವಿಟ್ಟುಕೊಂಡು ಬರೆದು ಅಭ್ಯಾಸ ಮಾಡುವುದೊಂದೇ ಇದಕ್ಕೆ ಮದ್ದು.

ರೋಗದ ಕುರಿತ ದೀರ್ಘ ಉತ್ತರಕ್ಕೆ ಒಂದು ಕ್ರಮವಿರಲಿ: ರೋಗದ ಅರ್ಥ, ಕಾರಣಗಳು, ದೇಹದಲ್ಲಿ ಆಗುವ ಬದಲಾವಣೆ, ಲಕ್ಷಣಗಳು, ಪರೀಕ್ಷೆಗಳು, ಚಿಕಿತ್ಸೆ, ಕೊನೆಗೆ ಶುಶ್ರೂಷೆ. ಅನೇಕರು ಚಿಕಿತ್ಸೆಯವರೆಗೆ ಪುಟಗಟ್ಟಲೆ ಬರೆದು, ಶುಶ್ರೂಷೆಗೆ ಬಂದಾಗ ಎರಡು ಸಾಲಿನಲ್ಲಿ ಮುಗಿಸುತ್ತಾರೆ. ಇದು ಶುಶ್ರೂಷೆಯ ಪರೀಕ್ಷೆ. ಅದಕ್ಕೇ ಹೆಚ್ಚು ಜಾಗ ಸಲ್ಲಬೇಕು. ಚಿತ್ರವನ್ನು ಪೆನ್ಸಿಲಿನಿಂದ ಬಿಡಿಸಿ, ಭಾಗಗಳ ಹೆಸರನ್ನು ಒಂದೇ ಬದಿಗೆ ಅಂದವಾಗಿ ಬರೆದರೆ ಪರೀಕ್ಷಕರ ಕಣ್ಣಿಗೆ ಹಿತವೆನಿಸುತ್ತದೆ.

ಪ್ರಾಯೋಗಿಕ ಪರೀಕ್ಷೆಯಲ್ಲಿ ಈಗ 'ಓಸ್ಕಿ' ಎಂಬ ಪದ್ಧತಿಯೂ ಬಂದಿದೆ. 1975ರಲ್ಲಿ ಸ್ಕಾಟ್ಲೆಂಡಿನ ಡಂಡಿಯಲ್ಲಿ ಹಾರ್ಡನ್ ಮತ್ತು ಸಂಗಡಿಗರು ವೈದ್ಯ ವಿದ್ಯಾರ್ಥಿಗಳಿಗಾಗಿ ರೂಪಿಸಿದ ಕ್ರಮವಿದು. ವಿದ್ಯಾರ್ಥಿಯು ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗುತ್ತ, ಗೊತ್ತುಪಡಿಸಿದ ನಿಮಿಷಗಳಲ್ಲಿ ಒಂದೊಂದು ಕೆಲಸವನ್ನು ಮಾಡಿ ತೋರಿಸಬೇಕು. ಇಲ್ಲಿ ಬಾಯಿಪಾಠ ನಡೆಯುವುದಿಲ್ಲ, ಕೈಗೆ ಅಭ್ಯಾಸವಾಗಿರಬೇಕು. ಪ್ರತಿಯೊಂದು ಹೆಜ್ಜೆಯನ್ನೂ ಬಾಯಲ್ಲಿ ಹೇಳುತ್ತ ಕೈಯಲ್ಲಿ ಮಾಡುವುದು ಒಳ್ಳೆಯ ರೂಢಿ. ರೋಗಿಗೆ ನಮಸ್ಕರಿಸಿ ಹೆಸರು ಕೇಳುವುದು, ಕೈ ತೊಳೆಯುವುದು, ಮಾಡಲಿರುವುದನ್ನು ತಿಳಿಸಿ ಒಪ್ಪಿಗೆ ಪಡೆಯುವುದು, ಇವು ಸುಲಭವೆಂದೇ ಮರೆತುಹೋಗುವ ಹೆಜ್ಜೆಗಳು.

ಮನೆಯವರು ಮಾಡಬೇಕಾದದ್ದು

ಮೂರನೆಯ ಸಂಜೆ ತಂದೆಯವರನ್ನೂ ಕರೆಸಿದ್ದೆ. ಅವರು ಬಾಗಿಲ ಬಳಿಯ ಕುರ್ಚಿಯಲ್ಲಿಯೇ ಕುಳಿತು, "ಫೇಲಾದ ಮ್ಯಾಲೆ ಇನ್ನೇನೈತ್ರಿ ಅಕ್ಕಾರ? ಸಾಲ ಬ್ಯಾರೆ ಬೆಳೀತೈತಿ" ಎಂದರು. ಅವರ ಚಿಂತೆ ಸುಳ್ಳಲ್ಲ. ನಾನು ಕೇಳಿದೆ: "ಒಂದು ಹಂಗಾಮಿಗೆ ಬೆಳೆ ಕೈಕೊಟ್ಟರೆ ನೀವು ಹೊಲವನ್ನೇ ಮಾರಿಬಿಡುತ್ತೀರಾ? ಬಿತ್ತಿದ ರೀತಿ ಸರಿಯಿತ್ತೇ ಎಂದು ನೋಡುವುದಿಲ್ಲವೇ?" ಅವರು ಸ್ವಲ್ಪ ಹೊತ್ತು ನೆಲವನ್ನು ನೋಡಿ, "ಅದೂ ಖರೇನ ಬಿಡ್ರಿ" ಎಂದರು. ಮತ್ತೊಂದು ಪರೀಕ್ಷೆಯವರೆಗೆ ವರನ ಮಾತು ಎತ್ತುವುದಿಲ್ಲವೆಂದು ಒಪ್ಪಿದರು.

ಓದುವ ಮಕ್ಕಳಿರುವ ಮನೆಯವರಿಗೆ ನನ್ನ ವಿನಂತಿ ಇಷ್ಟು. ಮಗಳು ರಜೆಗೆ ಬಂದಾಗ ಅವಳು ನಿಮ್ಮ ನಾಡಿ ನೋಡಲಿ, ರಕ್ತದೊತ್ತಡ ಅಳೆಯಲಿ, ಹಾಸಿಗೆಯನ್ನು ಮಡಿಸಿ ಹಾಸಲಿ. ನೀವೇ ಅವಳ ಮೊದಲ ರೋಗಿಗಳಾಗಿರಿ. ನಾಡಿಯನ್ನು ಪೂರ್ತಿ ಒಂದು ನಿಮಿಷ ಎಣಿಸಲಿ. ಉಸಿರನ್ನು ಎಣಿಸುವಾಗ ನಿಮಗೆ ಹೇಳದೆಯೇ ಎಣಿಸಲಿ. ತಿಳಿದರೆ ಉಸಿರಾಟದ ಗತಿ ಬದಲಾಗುತ್ತದೆ. ಅಂದು ಓದಿದ್ದನ್ನು ಅಜ್ಜಿಗೋ ತಮ್ಮನಿಗೋ ಕನ್ನಡದಲ್ಲಿ ಹೇಳಲಿ. ತಿಳಿಯದಿದ್ದರೆ ಅವರು ಮರಳಿ ಕೇಳಲಿ. ಕಲಿಸುವವಳು ಎರಡು ಸಲ ಕಲಿಯುತ್ತಾಳೆ.

ಫೋನು ಮಾಡಿದಾಗಲೆಲ್ಲ "ಎಷ್ಟು ಅಂಕ ಬಂತು?" ಎಂದು ಕೇಳುವುದನ್ನು ಬಿಟ್ಟು, "ಇವತ್ತು ವಾರ್ಡಿನಲ್ಲಿ ಏನು ನೋಡಿದೆ?" ಎಂದು ಕೇಳಿರಿ. ನಿದ್ರೆಗೆಟ್ಟು ಓದುವುದನ್ನು ಹೊಗಳಬೇಡಿರಿ. ಹಗಲು ಕಲಿತದ್ದು ನೆನಪಿನಲ್ಲಿ ಗಟ್ಟಿಯಾಗುವುದಕ್ಕೆ ನಿದ್ರೆ ಅವಶ್ಯ. ರಾತ್ರಿ ಪಾಳಿ ಮುಗಿಸಿ ಬಂದ ಮಗಳು ಮೊದಲು ಮಲಗಲಿ, ಆಮೇಲೆ ಓದಲಿ. ಓದುವ ಹೊತ್ತಿನಲ್ಲಿ ಮೊಬೈಲು ಬೇರೆ ಕೋಣೆಯಲ್ಲಿರಲಿ. ಪರೀಕ್ಷೆಯ ರಜೆಗೆಂದು ಬಂದವಳಿಗೆ ಒಲೆಯ ಮುಂದಿನ ಕೆಲಸವನ್ನೆಲ್ಲ ಹೊರಿಸಿ, ಅಣ್ಣನಿಗೆ ಮಾತ್ರ ಓದುವ ಕೋಣೆಯನ್ನು ಬಿಟ್ಟುಕೊಡುವ ಮನೆಗಳು ಇಂದಿಗೂ ಇವೆ. ಇದು ನ್ಯಾಯವಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಮಗಳು ಊಟ ಬಿಟ್ಟು, ಮಾತು ಬಿಟ್ಟು, ಒಬ್ಬಳೇ ಕೂರುತ್ತಿದ್ದರೆ ಅಂಕದ ಮಾತನ್ನು ಬದಿಗಿಟ್ಟು ಅವಳ ಬಳಿಗೆ ಹೋಗಿರಿ. ಅಗತ್ಯವೆನಿಸಿದರೆ ವೈದ್ಯರಿಗೆ ತೋರಿಸಿರಿ. ಮರಳಿ ಬರೆಯಬಹುದಾದ ಪರೀಕ್ಷೆಗಾಗಿ ಮರಳಿ ಬಾರದ ಮಗುವನ್ನು ಕಳೆದುಕೊಳ್ಳಬಾರದು.

ಆ ಹುಡುಗಿ ವಸತಿನಿಲಯಕ್ಕೆ ಮರಳಿದಳು. ಹೋಗುವಾಗ ಬಣ್ಣದ ಪೆನ್ನುಗಳನ್ನು ನನ್ನ ಮೊಮ್ಮಗಳಿಗೆ ಕೊಟ್ಟುಹೋದಳು. ಮುಂದಿನ ಸಲ ಆ ಪತ್ರಿಕೆಯಲ್ಲಿ ತೇರ್ಗಡೆಯಾದಳು. ಬಂದ ಅಂಕಗಳು ಹೆಚ್ಚಿನವೇನಲ್ಲ. ಬೇಕಾದದ್ದಕ್ಕಿಂತ ನಾಲ್ಕೈದು ಹೆಚ್ಚು, ಅಷ್ಟೆ. ಆದರೆ ಕಳೆದ ತಿಂಗಳು ಅವಳು ಫೋನು ಮಾಡಿದ್ದು ಅಂಕಗಳ ಸಲುವಾಗಿ ಅಲ್ಲ. "ಅಕ್ಕಾರ, ಇವತ್ತು ವಾರ್ಡಿನ್ಯಾಗ ಒಬ್ಬ ಅಜ್ಜಾರ ನಾಡಿ ಪೂರಾ ಒಂದು ನಿಮಿಷ ಎಣಿಸಿದ್ನಿರಿ. ನಡುನಡುವ ತಪ್ಪಾಕತ್ತಿತ್ತು. ಸಿಸ್ಟರ್‌ಗೆ ಹೇಳಿದೆ. ಅವರು ಇ.ಸಿ.ಜಿ. ತೆಗೆಸಿ ಡಾಕ್ಟರ್‌ಗೆ ತೋರಿಸಿದ್ರು. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದ್ರ ನನಗ ಗೊತ್ತಾಗ್ತಿರಲಿಲ್ಲ ನೋಡ್ರಿ" ಎಂದಳು.

ಅವಳ ದನಿಯಲ್ಲಿ ಅಳು ಇರಲಿಲ್ಲ. ಆ ಸಂಜೆಯೇ ಅವಳ ತಾಯಿಗೆ ಈ ಸುದ್ದಿಯನ್ನು ಮುಟ್ಟಿಸಿದೆ. ಈ ಸಲ ಅವರು ಚಹಾವನ್ನು ಆರಲು ಬಿಡಲಿಲ್ಲ.